ಮಗು ಇನ್ನೂ ಮಾತಾಡ್ತಿಲ್ವಾ, ತುತ್ತು ಇಳೀತಿಲ್ವಾ? ಎಷ್ಟು ದಿನ ಕಾಯಬಹುದು, ಎಲ್ಲಿ ತೋರಿಸಬೇಕು: ಇಲ್ಲಿದೆ ಮಾಹಿತಿ

ಮೈಸೂರು: "ಅವರಪ್ಪಾನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ನಿರಿ." ಎರಡು ವರ್ಷದ ಮಗು ಇನ್ನೂ ಅಮ್ಮ ಅಂತಿಲ್ಲ ಅಂದಾಗ ಜಿಲ್ಲೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗೋ ಉತ್ತರ ಇದು. ಹೇಳೋರು ಕೆಟ್ಟವರಲ್ಲ, ಸಮಾಧಾನಕ್ಕೆ ಹೇಳ್ತಾರೆ. ಕೆಲವು ಮಕ್ಕಳು ನಿಜವಾಗಿಯೂ ತಡವಾಗಿ ಮಾತು ಕಲಿತು ಆಮೇಲೆ ಎಲ್ಲರ ಜೊತೆ ಸರಿಸಮ ಆಗ್ತಾರೆ. ತೊಂದರೆ ಏನಂದ್ರೆ, ಕಿವಿ ಕೇಳದ ಮಗು ಕೂಡ ಎರಡು ವರ್ಷದವರೆಗೆ ನೋಡೋಕೆ ಹಾಗೇ ಇರುತ್ತೆ. ನಗುತ್ತೆ, ಓಡುತ್ತೆ, ಕೈ ಮಾಡಿ ಕರೆದ್ರೆ ಬರುತ್ತೆ. ಯಾವುದು ತಡ, ಯಾವುದು ಕಾಯಿಲೆ ಅಂತ ಮನೆಯಲ್ಲಿ ಕೂತು ಹೇಳೋಕಾಗಲ್ಲ. ಹುಟ್ಟಿನಿಂದ ಮೊದಲ ಎರಡು ಮೂರು ವರ್ಷ ಮಿದುಳು ಭಾಷೆಯನ್ನು ಹಿಡಿದುಕೊಳ್ಳುವ ಕಾಲ. ಆ ಕಾಲ ಕಳೆದ ಮೇಲೆ ಮಿಷನ್ ಹಾಕಿಸಿದರೂ, ಆಪರೇಷನ್ ಮಾಡಿಸಿದರೂ ಮೊದಲಿನಷ್ಟು ಫಲ ಸಿಗಲ್ಲ.

ಊಟದ ಕಥೆಯೂ ಹೆಚ್ಚು ಕಮ್ಮಿ ಇದೇ. ಒಂದೂವರೆ ವರ್ಷ ಆದರೂ ಮಿಕ್ಸಿಗೆ ಹಾಕಿದ ಅನ್ನ ಬಿಟ್ಟು ಬೇರೇನೂ ನುಂಗದ ಮಕ್ಕಳು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ಊಟ, ಮಾತು ಎರಡಕ್ಕೂ ಬಾಯಿ ಒಂದೇ, ತುಟಿ, ನಾಲಿಗೆ, ಅಂಗಳ ಒಂದೇ. ಹಾಗಾಗಿ ಎರಡನ್ನೂ ಒಟ್ಟಿಗೇ ನೋಡೋದು ಒಳ್ಳೇದು.

ಮೊದಲ ಆರು ತಿಂಗಳು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಇದು ತಾಯಿ ಕಾರ್ಡಿನಲ್ಲೂ ಬರೆದಿರುತ್ತೆ, ಆಶಾ ಅಕ್ಕಂದಿರೂ ಹೇಳ್ತಾರೆ. ಆದರೂ ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಸಕ್ಕರೆ ನೀರು, ಜೇನು, ಹರಳೆಣ್ಣೆ ನೆಕ್ಕಿಸೋದು ನಿಂತಿಲ್ಲ. ಆ ಹಳದಿ ಹಾಲು ಮಗುವಿಗೆ ಮೊದಲ ಲಸಿಕೆ ಇದ್ದ ಹಾಗೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಬೆಳೆದು, ಮೈಯ ಸ್ನಾಯುಗಳನ್ನೇ ಸಡಿಲ ಮಾಡುವ ಬಾಟ್ಯುಲಿಸಂ ಅನ್ನುವ ಕಾಯಿಲೆ ತರಬಹುದು. ಕಾಡಿನ ಶುದ್ಧ ಜೇನು ಅಂದ್ರೂ ಅಷ್ಟೇ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡ್ರಾಪ್ಸು, ಔಷಧಿ ಬೇರೆ ಲೆಕ್ಕ, ಅದನ್ನ ನಿಲ್ಲಿಸಬೇಡಿ.

ಹಾಲು ಸಾಲ್ತಿಲ್ಲ ಅನ್ನೋ ಅನುಮಾನ ಬಹಳ ತಾಯಂದಿರಿಗೆ. ಅಳು ನೋಡಿ ಅಳೆಯಬೇಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಮಗುವಿನ ತೂಕ ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತೆ. ಅಂಗನವಾಡಿ ತಕ್ಕಡಿ ಇರೋದು ಅದಕ್ಕೇ.

ಹಾಲು ಕುಡಿಯೋದು ಸುಲಭದ ಕೆಲಸ ಅಲ್ಲ. ಚೀಪೋದು, ನುಂಗೋದು, ಉಸಿರಾಡೋದು ಮೂರನ್ನೂ ಒಂದರ ಹಿಂದೆ ಒಂದು ತಾಳ ತಪ್ಪದೆ ಮಾಡಬೇಕು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಈ ತಾಳ ಇನ್ನೂ ಕೂಡಿರಲ್ಲ. ಅಂಥವರಿಗೆ ಆಸ್ಪತ್ರೆಯಲ್ಲಿ ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸ್ತಾರೆ. ಅಜ್ಜಿ ಕಾಲದ ಬೆಳ್ಳಿ ಒಳಲೆ ಅಟ್ಟ ಸೇರಿದ್ದರೂ, ಅದೇ ಆಕಾರದ ಸ್ಟೀಲ್ ಒಳಲೆ ನವಜಾತ ಶಿಶುಗಳ ವಾರ್ಡಿನಲ್ಲಿ ಇವತ್ತಿಗೂ ಕೆಲಸ ಮಾಡ್ತಿದೆ. ಬಾಟಲಿಗಿಂತ ತೊಳೆಯೋದು ಸುಲಭ, ಕುದಿಸೋದು ಸುಲಭ.

ಆದರೆ ಒಳಲೆ ಹಿಡಿಯೋ ರೀತಿ ಮುಖ್ಯ. ಮಗುವನ್ನು ಎರಡು ಕಾಲಿನ ಮೇಲೆ ಅಂಗಾತ ಮಲಗಿಸಿ, ಕೈ ಒತ್ತಿ ಹಿಡಿದು, ಮೂಗು ಮುಚ್ಚಿ ಗಂಟಲಿಗೆ ಸುರಿಯುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಲೋ ಸರಿಯೋ ಶ್ವಾಸಕೋಶಕ್ಕೆ ಇಳಿದರೆ ಉಸಿರು ಕಟ್ಟಬಹುದು, ನ್ಯುಮೋನಿಯಾ ಆಗಬಹುದು. ತಲೆ ಎತ್ತರಕ್ಕಿಟ್ಟು, ಮಗು ಎಚ್ಚರ ಇರುವಾಗ, ಅದು ನುಂಗಿದ ಮೇಲೆ ಮುಂದಿನ ಗುಟುಕು ಕೊಡಬೇಕು.

ಈ ಲಕ್ಷಣಗಳಿದ್ದರೆ ತಿಂಗಳು ಕಾಯಬಾರದು: ಕುಡಿದ ಹಾಲು ಪದೇ ಪದೇ ಮೂಗಲ್ಲಿ ಬರೋದು, ಪ್ರತಿ ಸಲ ಕುಡಿಯುವಾಗ ಕೆಮ್ಮಿ ಕೆಮ್ಮಿ ಮುಖ ನೀಲಿಗಟ್ಟೋದು, ಕುಡಿಯೋಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಹಿಡಿದು ಬೆವರೋದು, ಮೇಲಿಂದ ಮೇಲೆ ಎದೆ ಕಟ್ಟೋದು. ಮೂಗಲ್ಲಿ ಹಾಲು ಬರೋ ಮಗುವಿಗೆ ತುಟಿ ಸರಿ ಇದ್ದರೂ ಒಳಗೆ ಅಂಗಳ ಸೀಳಿರಬಹುದು. ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುತ್ತೆ. ಸೀಳುತುಟಿ, ಸೀಳು ಅಂಗಳಕ್ಕೆ ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದು ಕಾರಣ ಅಲ್ಲ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಮುಖದ ಎರಡು ಕಡೆಯ ಭಾಗ ಕೂಡಿಕೊಳ್ಳದೆ ಉಳಿದದ್ದು ಅಷ್ಟೇ. ತುಟಿಗೆ ಸುಮಾರು ಮೂರರಿಂದ ಆರು ತಿಂಗಳಲ್ಲಿ, ಅಂಗಳಕ್ಕೆ ಮಾತು ಗಟ್ಟಿಯಾಗೋ ಮುಂಚೆ, ಅಂದ್ರೆ ಒಂದು ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡ್ತಾರೆ. ಉಚಿತವಾಗಿ ಆಗುತ್ತೆ, ಎಲ್ಲಿ ಕೇಳಬೇಕು ಅನ್ನೋದು ಮುಂದೆ ಇದೆ. ಅಂಗಳ ಹೊಲಿಸೋದು ತಡವಾದಷ್ಟೂ ಮೂಗಲ್ಲಿ ಮಾತಾಡೋ ಅಭ್ಯಾಸ ಬಿಡಿಸೋದು ಕಷ್ಟ.

ಆರು ತಿಂಗಳಾದ ಮೇಲೆ: ಸರಿ, ಮಿಕ್ಸಿ, ಮುದ್ದೆ

ಮಗು ಕತ್ತು ನಿಲ್ಲಿಸ್ತಿದೆ, ಆಸರೆ ಕೊಟ್ರೆ ಕೂರುತ್ತೆ, ಯಾರಾದ್ರೂ ತಿನ್ನುವಾಗ ಕೈ ಚಾಚುತ್ತೆ ಅಂದ್ರೆ ಬಾಯಿ ತಯಾರಾಗಿದೆ ಅಂತ. ಮೊದಲ ಕೆಲವು ದಿನ ನಾಲಿಗೆಯಿಂದ ಹೊರಗೆ ತಳ್ಳಿದರೆ ಬೇಡ ಅಂತಲ್ಲ, ನಾಲಿಗೆಗೆ ಇನ್ನೂ ಹೊಸ ಕೆಲಸ ಬಂದಿಲ್ಲ ಅಷ್ಟೇ. ಎರಡು ದಿನ ಬಿಟ್ಟು ಮತ್ತೆ ಕೊಡಿ. ಒಂದೇ ತರಕಾರಿಯನ್ನು ಎಂಟು ಹತ್ತು ಸಲ ರುಚಿ ತೋರಿಸಿದ ಮೇಲೆ ಒಪ್ಪೋ ಮಕ್ಕಳೇ ಜಾಸ್ತಿ.

ರಾಗಿ ಸರಿ ನಮ್ಮ ಕಡೆಯ ಚಿನ್ನದಂಥ ಆಹಾರ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಬಟ್ಟೆಯಲ್ಲಿ ಜರಡಿ ಹಿಡಿಯೋದು ಸುಮ್ಮನೆ ಬಂದ ಪದ್ಧತಿ ಅಲ್ಲ. ಮೊಳಕೆ ಬಂದಾಗ ಹಿಟ್ಟಿನ ಅಂಟು ಒಡೆಯುತ್ತೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿ ಅಂಟಾಗದೆ ಮೆತ್ತಗೆ ಇರುತ್ತೆ, ಮಗುವಿನ ಸಣ್ಣ ಹೊಟ್ಟೆಗೆ ಕಮ್ಮಿ ಜಾಗದಲ್ಲಿ ಹೆಚ್ಚು ಶಕ್ತಿ ಸಿಗುತ್ತೆ. ಆದರೆ ಬಹಳ ಮನೆಗಳಲ್ಲಿ ಸರಿ ಅಂದ್ರೆ ನೀರು. ಚಮಚ ಬಗ್ಗಿಸಿದರೆ ತಕ್ಷಣ ಸುರಿದು ಹೋಗಬಾರದು, ನಿಧಾನಕ್ಕೆ ಜಾರಬೇಕು. ಮೇಲೆ ಅರ್ಧ ಚಮಚ ತುಪ್ಪವೋ ಕಡಲೆಕಾಯಿ ಎಣ್ಣೆಯೋ. ಅಂಗನವಾಡಿಯಿಂದ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡೋ ಪುಷ್ಟಿ ಪುಡಿಯನ್ನೂ ಹೀಗೇ ಮಾಡಬಹುದು. ಅದು ಕೆಲವು ಮನೆಗಳಲ್ಲಿ ಕಲಗಚ್ಚಿಗೆ ಬೀಳೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಹಸು ಮಾತು ಕಲಿಯಲ್ಲ.

ಲೆಕ್ಕ ಹೀಗೆ: ಎರಡು ಮೂರು ಚಮಚದಿಂದ ಶುರು. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ, ನಿಧಾನಕ್ಕೆ ಅರ್ಧ ಬಟ್ಟಲವರೆಗೆ. ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ. ವರ್ಷ ದಾಟಿದ ಮೇಲೆ ಸಲಕ್ಕೆ ಮುಕ್ಕಾಲು ಬಟ್ಟಲಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ಹಣ್ಣು ಗಿಣ್ಣು. ಬಟ್ಟಲು ಅಂದ್ರೆ ಕಾಲು ಲೀಟರ್ ಹಿಡಿಯೋದು. ಎದೆಹಾಲು ಎರಡು ವರ್ಷದವರೆಗೆ ಮತ್ತು ಅದಕ್ಕೂ ಮೇಲೆ ಮುಂದುವರಿಸಬಹುದು. ಬೇಯಿಸಿದ ಮೊಟ್ಟೆ, ಬೇಳೆ, ಸೊಪ್ಪು ಎಲ್ಲವೂ ಆರು ತಿಂಗಳಾದ ಮೇಲೆ ಆಗುತ್ತೆ, ಹಲ್ಲು ಬರಲಿ ಅಂತ ಕಾಯಬೇಕಿಲ್ಲ. ಟೀ ಮಾತ್ರ ಬೇಡ. ಬನ್ನು, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಕೊಡೋದು ಮಗುವನ್ನು ಸುಮ್ಮನಿರಿಸುತ್ತೆ, ಆದರೆ ಟೀ ಊಟದಲ್ಲಿರೋ ಕಬ್ಬಿಣಾಂಶವನ್ನು ಮೈಗೆ ಹತ್ತೋಕೆ ಬಿಡಲ್ಲ. ರಕ್ತಹೀನತೆ ಇರೋ ಮಗು ಮಂಕಾಗುತ್ತೆ, ಆಟ ಕಮ್ಮಿ, ಕಲಿಕೆ ಕಮ್ಮಿ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಎಂ.ಎಲ್. ಕಬ್ಬಿಣಾಂಶದ ಸಿರಪ್ ಕೊಡೋ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯರನ್ನ ಕೇಳಿ ಪಡೀರಿ.

ಇನ್ನು ಮಿಕ್ಸಿ. ಇಲ್ಲೇ ಹೆಚ್ಚಿನ ಮನೆಗಳು ಎಡವೋದು. ಆರು ತಿಂಗಳಲ್ಲಿ ನುಣ್ಣಗೆ, ಸರಿ. ಎಂಟನೇ ತಿಂಗಳಿಗೆ ಕೈಯಲ್ಲಿ ಕಿವುಚಿದ್ದು, ಸಣ್ಣ ಗಂಟು ಉಳಿದಿರೋದು. ಒಂಬತ್ತು ಹತ್ತಕ್ಕೆ ಇಡ್ಲಿ ಚೂರು, ಬೆಂದ ಕ್ಯಾರೆಟ್, ಬಾಳೆಹಣ್ಣು ಮಗುವೇ ಹಿಡಿದು ತಿನ್ನೋ ಹಾಗೆ. ವರ್ಷಕ್ಕೆ ಮನೆಯವರ ಅಡುಗೆಯೇ, ಖಾರ ಉಪ್ಪು ಕಮ್ಮಿ ಮಾಡಿ. ಹೊಸ ಬಗೆಯ ಗಂಟು, ತರಿಗಳನ್ನು ಬಾಯಿ ಸುಲಭವಾಗಿ ಒಪ್ಪಿಕೊಳ್ಳೋ ಕಾಲ ಅದು. ಹತ್ತು ತಿಂಗಳು ದಾಟಿದರೂ ಬರೀ ನುಣ್ಣಗಿನದೇ ಕೊಡ್ತಾ ಹೋದರೆ, ಆಮೇಲೆ ಒಂದು ಅಗುಳು ಸಿಕ್ಕಿದರೂ ಓಕರಿಸೋ ಮಕ್ಕಳು ಹೆಚ್ಚು. ಓಕರಿಕೆ ನೋಡಿ ಹೆದರಿ ಮತ್ತೆ ಮಿಕ್ಸಿ. ಮೂರು ವರ್ಷಕ್ಕೆ ಅಂಗನವಾಡಿಗೆ ಹೋದಾಗ ಅಲ್ಲಿನ ಅನ್ನ ಸಾಂಬಾರು ಮುಟ್ಟಲ್ಲ.

ಓಕರಿಕೆ ಬೇರೆ, ಉಸಿರು ಕಟ್ಟೋದು ಬೇರೆ. ಓಕರಿಸುವಾಗ ಸದ್ದು ಬರುತ್ತೆ, ಕೆಮ್ಮು ಬರುತ್ತೆ, ಮುಖ ಕೆಂಪಾಗುತ್ತೆ. ಅದು ಗಂಟಲು ತನ್ನನ್ನ ತಾನು ಕಾಯ್ತಿರೋದು. ಉಸಿರು ಕಟ್ಟಿದಾಗ ಸದ್ದೇ ಬರಲ್ಲ.

ಮುದ್ದೆ ಅಗಿಯೋದಲ್ಲ, ನುಂಗೋದು ಅನ್ನೋದು ದೊಡ್ಡವರ ಮಾತು. ಮಗುವಿಗೆ ಸಾರಿನಲ್ಲಿ ಕಲಸಿ ಮೆತ್ತಗೆ ಮಾಡಿದ ಮುದ್ದೆ ಒಳ್ಳೇದೇ, ಆದರೆ ಅದೊಂದೇ ಸಾಲದು. ದವಡೆಗೂ ಕೆಲಸ ಬೇಕು. ಅಗಿದರೆ ಮಾತು ಬರುತ್ತೆ ಅಂತ ಕೆಲವರು ಹೇಳ್ತಾರೆ, ಅದು ಅಷ್ಟು ನೇರ ಅಲ್ಲ. ಚೆನ್ನಾಗಿ ಚಕ್ಕುಲಿ ಕಡಿಯೋ ಮಗುವೂ ಮಾತಾಡದೆ ಇರಬಹುದು. ಬಾಯಿಯ ಸ್ನಾಯು ಒಂದೇ ಆದರೂ ಮಾತಿಗೆ ಮೊದಲು ಬೇಕಾದ್ದು ಕಿವಿ, ಆಮೇಲೆ ಮಾತಾಡಿಸೋ ಜನ.

ಅಂಗಡಿಯವರು ಓದಲೇಬೇಕಾದ್ದು

ಕಿರಾಣಿ, ಮೆಡಿಕಲ್ ಸ್ಟೋರ್ ನಡೆಸೋ ಎಷ್ಟೋ ಜನಕ್ಕೆ ಒಂದು ಕಾನೂನು ಗೊತ್ತಿಲ್ಲ. 1992ರಲ್ಲಿ ಬಂದು 2003ರಲ್ಲಿ ಇನ್ನೂ ಬಿಗಿಯಾದ ಶಿಶು ಹಾಲಿನ ಬದಲಿ ಪದಾರ್ಥ, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರ ಕಾಯ್ದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಡಬ್ಬದ ಶಿಶು ಆಹಾರ, ಬಾಟಲಿ ಮಾರಬಹುದು, ಆದರೆ ಜಾಹೀರಾತು ಮಾಡುವಂತಿಲ್ಲ. ಎರಡು ಕೊಂಡ್ರೆ ಒಂದು ಫ್ರೀ, ಬಟ್ಟಲು ಉಡುಗೊರೆ, ಸ್ಯಾಂಪಲ್ ಹಂಚೋದು ಇವೆಲ್ಲ ನಿಷೇಧ. ತಪ್ಪಿದರೆ ಮೂರು ವರ್ಷದವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ ಅಥವಾ ಎರಡೂ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಲಿನ ಪುಡಿಯ ಆಫರ್ ಹಾಕೋರು ಇದನ್ನ ಒಮ್ಮೆ ಯೋಚಿಸೋದು ಒಳ್ಳೇದು.

ಕಾನೂನು ಬಿಟ್ಟೂ ಒಂದು ಮಾತು ಇದೆ. ಇಡೀ ಕಡಲೆಬೀಜ, ಹುರಿಗಡಲೆ, ಗಟ್ಟಿ ಪೆಪ್ಪರಮೆಂಟು, ಚೀಪಿ ಎಳೆಯೋ ಸಣ್ಣ ಜೆಲ್ಲಿ ಬಟ್ಟಲು, ಇಡೀ ದ್ರಾಕ್ಷಿ ಇವು ನಾಲ್ಕೈದು ವರ್ಷದವರೆಗಿನ ಮಕ್ಕಳ ಗಂಟಲಿಗೆ ಅಪಾಯ. ಗೊಂಬೆ, ರಿಮೋಟಿನ ಗುಂಡಿ ಸೆಲ್ಲು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳವನ್ನೇ ಸುಡುತ್ತೆ. ಬೆಳಗಾಗಲಿ ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಚಿಲ್ಲರೆ ಕೊಡುವಾಗ ಕಂಕುಳಲ್ಲಿರೋ ಮಗುವಿನ ಕೈಗೆ ನಾಣ್ಯ ಕೊಡೋ ಪ್ರೀತಿಯೂ ಬೇಡ.

ಉಸಿರು ಕಟ್ಟಿದರೆ: ಮಗು ಕೆಮ್ಮುತ್ತಿದ್ದರೆ ಕೆಮ್ಮೋಕೆ ಬಿಡಿ. ಸದ್ದು ನಿಂತರೆ, ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ತಲೆ ತಗ್ಗಿರುವಂತೆ ಬೋರಲು ಹಿಡಿದು, ಬೆನ್ನಿನ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಿ. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ. ಹೀಗೇ ಒಂದಾದ ಮೇಲೊಂದು. ವರ್ಷ ದಾಟಿದ ಮಕ್ಕಳಿಗೆ ಬೆನ್ನಿಗೆ ಐದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕಳಿನ ಮೇಲ್ಭಾಗದಲ್ಲಿ ಒಳಗೂ ಮೇಲಕ್ಕೂ ಐದು ಸಲ ಒತ್ತೋದು. ಕಣ್ಣಿಗೆ ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡ್ತಿರಲಿ.

ಮಾತು ಯಾವಾಗ, ಎಷ್ಟು

ಎರಡು ಮೂರು ತಿಂಗಳಿಗೆ ಆ, ಊ ಅಂತ ದನಿ. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆ ತಿರುಗೋದು, ಕೇಕೆ ಹಾಕಿ ನಗೋದು. ಆರರಿಂದ ಹತ್ತು ತಿಂಗಳಲ್ಲಿ ಬಬಬ, ದದದ, ಮಮಮ. ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಆ, ಊ ಕಿವುಡು ಮಗುವಿಗೂ ಬರುತ್ತೆ. ಆದ್ದರಿಂದ ದನಿ ಮಾಡ್ತಾನಲ್ಲ, ಕಿವಿ ಸರಿ ಇದೆ ಅನ್ನೋ ಲೆಕ್ಕ ತಪ್ಪು. ಬಬಬ ಅನ್ನೋ ಹಂತಕ್ಕೆ ಬಂದಾಗ ಕೇಳಿಸದ ಮಗು ಹಿಂದೆ ಬೀಳುತ್ತೆ, ಕೆಲವು ಸಲ ಮೊದಲು ಮಾಡ್ತಿದ್ದ ದನಿಯೂ ಕಮ್ಮಿ ಆಗುತ್ತೆ.

ವರ್ಷದ ಹೊತ್ತಿಗೆ ಹೆಸರು ಕೂಗಿದರೆ ತಿರುಗಬೇಕು, ಟಾಟಾ ಮಾಡಬೇಕು, ಬೇಕಾದ್ದಕ್ಕೆ ಬೆರಳು ತೋರಿಸೋಕೆ ಶುರು ಮಾಡಿರಬೇಕು. ಅಮ್ಮ, ತಾತ, ಬುವ್ವ, ಅಂಬಾ ಇಂಥ ಒಂದೆರಡು ಮಾತು. ಮಾತಿಗಿಂತ ಈ ಬೆರಳು ತೋರಿಸೋದನ್ನ ಗಮನಿಸಿ. ಹಾರೋ ಹಕ್ಕಿ ತೋರಿಸಿ ನಿಮ್ಮ ಮುಖ ನೋಡೋ ಮಗು, ನೋಡು ಅಂತ ಬಾಯಿಲ್ಲದೆ ಹೇಳ್ತಿದೆ. ಒಂದೂವರೆ ವರ್ಷಕ್ಕೆ ಹತ್ತಿಪ್ಪತ್ತು ಮಾತು. ಎರಡು ವರ್ಷಕ್ಕೆ ಸುಮಾರು ಐವತ್ತು ಮಾತು ಮತ್ತು ಎರಡು ಸೇರಿಸೋದು: ಅಮ್ಮ ಬಾ, ಹಾಲು ಬೇಕು, ತಾತ ಹೋತು. ಮೂರಕ್ಕೆ ಸಣ್ಣ ವಾಕ್ಯ, ಹೊರಗಿನವರಿಗೂ ಮುಕ್ಕಾಲು ಪಾಲು ಅರ್ಥ ಆಗಬೇಕು. ರಾಗಿಗೆ ಲಾಗಿ, ರೈಲಿಗೆ ಲೈಲು ಅನ್ನೋದು ಆ ವಯಸ್ಸಿಗೆ ಕಾಯಿಲೆ ಅಲ್ಲ. ರ, ಶ, ಳ ಎಲ್ಲ ಕಡೇಲಿ ಕೂಡಿ ಬರೋ ಅಕ್ಷರಗಳು. ಎರಡೂವರೆ ಮೂರರಲ್ಲಿ ಮಾತು ತೊದಲೋದೂ ಬಹಳ ಮಕ್ಕಳಲ್ಲಿ ಬಂದು ಹೋಗುತ್ತೆ. ಆರು ತಿಂಗಳಾದರೂ ಹೋಗದಿದ್ದರೆ, ಮಾತಾಡೋಕೆ ಮಗು ಹೆಣಗುತ್ತಿದ್ದರೆ ತೋರಿಸಿ. ನಿಧಾನವಾಗಿ ಮಾತಾಡು ಅಂತ ಗದರೋದು ಮಾತ್ರ ಬೇಡ.

ಒಂದೂವರೆ ವರ್ಷಕ್ಕೆ ಒಂದೂ ಮಾತಿಲ್ಲ, ಎರಡು ವರ್ಷಕ್ಕೆ ಎರಡು ಮಾತು ಕೂಡಿಸ್ತಿಲ್ಲ, ಹೆಸರು ಕರೆದ್ರೆ ತಿರುಗಲ್ಲ, ಕಣ್ಣಿಟ್ಟು ನೋಡಲ್ಲ ಅಂದ್ರೆ ಅದೇ ತಿಂಗಳು ತೋರಿಸಬೇಕು. ಬಂದಿದ್ದ ಮಾತು ನಿಂತು ಹೋದರೆ ಯಾವ ವಯಸ್ಸೇ ಆಗಿರಲಿ, ಅದು ಕಾಯೋ ವಿಷಯ ಅಲ್ಲ. ಆಟಿಸಂ ಇರೋ ಕೆಲವು ಮಕ್ಕಳಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಹೀಗಾಗುತ್ತೆ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಅಥವಾ ಮನೆಯಲ್ಲಿ ತಮಿಳು, ತೆಲುಗು ಇದ್ದರೆ ಮಾತು ತಡವಾಗುತ್ತೆ ಅನ್ನೋದು ಸರಿಯಲ್ಲ. ಎರಡೂ ಭಾಷೆಯ ಮಾತು ಸೇರಿಸಿ ಎಣಿಸಿ. ಕಾನ್ವೆಂಟಿಗೆ ಹಾಕಬೇಕು ಅಂತ ಅಪ್ಪ ಅಮ್ಮ ತಮಗೇ ಸರಿಯಾಗಿ ಬಾರದ ಇಂಗ್ಲಿಷಲ್ಲಿ ವಾಟರ್ ಡ್ರಿಂಕ್, ಕಮ್ ಕಮ್ ಅಂತ ಮಾತಾಡಿಸೋದಕ್ಕಿಂತ, ಬಾಯಿ ತುಂಬ ಕನ್ನಡ ಮಾತಾಡೋದೇ ಮಗುವಿಗೆ ಲಾಭ.

ಮೊಬೈಲ್ ಕೊಟ್ಟರೇ ಊಟ ಅನ್ನೋ ಮನೆಗಳು ಈಗ ಲೆಕ್ಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು: ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೊಬೈಲ್ ಮಗುವಿನ ಜೊತೆ ಮಾತಾಡಲ್ಲ, ಮಗು ಹೇಳಿದ್ದಕ್ಕೆ ಉತ್ತರ ಕೊಡಲ್ಲ. ತಿನ್ನುವಾಗ ಕಣ್ಣು ಸ್ಕ್ರೀನಲ್ಲಿದ್ದರೆ ಹೊಟ್ಟೆ ತುಂಬಿದ್ದೂ, ಬಾಯಲ್ಲಿ ಏನಿದೆ ಅನ್ನೋದೂ ಗೊತ್ತಾಗಲ್ಲ. ಗಲ್ಲಾದಲ್ಲಿ ಕೂತ ತಾಯಿಗೆ ಬೇರೆ ದಾರಿ ಇಲ್ಲ ಅನ್ನೋದೂ ನಿಜ. ಆದರೆ ಅಂಗಡಿಗಿಂತ ಒಳ್ಳೆ ಮಾತಿನ ಶಾಲೆ ಯಾವುದು? ಬೆಲ್ಲ, ಬೇಳೆ, ಸೋಪು, ಒಂದು, ಎರಡು, ಅಣ್ಣ ಬಂದ್ರು, ಅಕ್ಕ ಹೋದ್ರು. ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಸಿಕ್ಕಿದ್ದರ ಹೆಸರು ಹೇಳ್ತಾ ಹೋದರೆ ಸಾಕು, ಅದು ಏನಾದ್ರೂ ದನಿ ಮಾಡಿದಾಗ ನಿಂತು ಕೇಳಿ, ತಿರುಗಿ ಹೇಳಿ.

ಬಜೆ, ನಾಲಿಗೆ ನರ, ಹರಕೆ

ಮಾತು ಬರಲಿ ಅಂತ ಬಜೆ ಬೇರು ತೇಯ್ದು ನೆಕ್ಕಿಸೋದು ನಮ್ಮ ಕಡೆ ಮಾಮೂಲಿ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಕೊಡ್ತಾರೆ. ಬಜೆಯಲ್ಲಿ ಬೀಟಾ ಅಸರೋನ್ ಅನ್ನೋ ವಿಷಕಾರಿ ಅಂಶ ಇದೆ, ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸೋದನ್ನ ನಿಷೇಧಿಸಿದ್ದಾರೆ. ಎಳೆ ಮಗುವಿಗೆ ವಾಂತಿ, ಮಂಪರು ಬರಬಹುದು. ಅದರಿಂದ ಮಾತು ಬಂತು ಅನ್ನೋ ಮಕ್ಕಳಿಗೆ ಬಜೆ ಇಲ್ಲದೆಯೂ ಬರ್ತಿತ್ತು.

ನಾಲಿಗೆ ಕೆಳಗಿನ ನರ ಬಿಗಿ ಇದೆ, ಕತ್ತರಿಸಬೇಕು ಅನ್ನೋದು ಇನ್ನೊಂದು. ಬಿಗಿ ಇದ್ದರೆ ಕೆಲವು ಶಿಶುಗಳಿಗೆ ಮೊಲೆ ಹಿಡಿಯೋಕೆ ಕಷ್ಟ ಆಗುತ್ತೆ, ದೊಡ್ಡವರಾದ ಮೇಲೆ ಒಂದೆರಡು ಅಕ್ಷರ ತೊಡಕಾಗಬಹುದು. ಆದರೆ ಮಾತೇ ಬಾರದಿರೋದಕ್ಕೆ ಅದು ಕಾರಣ ಆಗೋದು ಅಪರೂಪ. ಕಿವಿ ಪರೀಕ್ಷೆ ಮಾಡದೆ ಯಾರಾದ್ರೂ ನೇರ ನಾಲಿಗೆಗೆ ಕತ್ತರಿ ಅಂದ್ರೆ ಎರಡನೇ ಡಾಕ್ಟರನ್ನ ಕೇಳಿ. ಹರಕೆಗೆ ಯಾರ ಅಡ್ಡಿಯೂ ಇಲ್ಲ. ನಂಜನಗೂಡಿಗೋ ಮುಡುಕುತೊರೆಗೋ ಹೋಗಿ ಬನ್ನಿ, ಅದೇ ವಾರ ಕಿವಿ ಟೆಸ್ಟೂ ಆಗಲಿ.

ಕಿವಿ ಟೆಸ್ಟು

ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳು ಹುಟ್ಟಿನಿಂದಲೇ ಶ್ರವಣದೋಷ ಇರೋರು ಅನ್ನೋದು ಎಲ್ಲ ಕಡೆ ಒಪ್ಪಿರೋ ಲೆಕ್ಕ. ಅಕ್ಕನ ಮಗಳನ್ನ, ಸೋದರತ್ತೆ ಮಗಳನ್ನ ಮದುವೆಯಾದ ಮನೆಗಳಲ್ಲಿ ಈ ಸಾಧ್ಯತೆ ಹೆಚ್ಚು. ತೂಕ ಒಂದೂವರೆ ಕೆ.ಜಿ.ಗಿಂತ ಕಮ್ಮಿ ಇದ್ದ, ಐಸಿಯುನಲ್ಲಿ ಇದ್ದ, ರಕ್ತ ಬದಲಿಸುವಷ್ಟು ಕಾಮಾಲೆ ಬಂದ, ಮಿದುಳು ಜ್ವರ ಆದ ಮಕ್ಕಳಿಗೂ ಹೆಚ್ಚು.

ಮನೆಯಲ್ಲಿ ಹಿಂದಿನಿಂದ ತಟ್ಟೆ ಬಡಿದು ನೋಡೋದು ಪರೀಕ್ಷೆ ಅಲ್ಲ. ಮಗು ಗಾಳಿಯ ಅದುರಿಗೆ, ನೆರಳಿಗೆ ತಿರುಗಬಹುದು. ತಟ್ಟೆ ಸದ್ದು, ಪಟಾಕಿ ಸದ್ದು ಕೇಳಿ ಮಾತಿನ ಸದ್ದು ಕೇಳದಿರೋ ಮಕ್ಕಳೂ ಇದ್ದಾರೆ. ಆಸ್ಪತ್ರೆಯಲ್ಲಿ ಮಾಡೋ ಓಎಇ ಪರೀಕ್ಷೆಗೆ ಕೆಲವೇ ನಿಮಿಷ, ಮಗು ಮಲಗಿರುವಾಗ ಕಿವಿಗೆ ಸಣ್ಣ ಬಿರಡೆ ಇಡ್ತಾರೆ, ನೋವಿಲ್ಲ. ಮೊದಲ ಸಲ ಪಾಸಾಗದಿದ್ದರೆ ಕಿವುಡು ಅಂತ ತೀರ್ಮಾನ ಅಲ್ಲ, ಕಿವಿಯಲ್ಲಿ ಹೆರಿಗೆಯ ನೀರು ನಿಂತಿದ್ದರೂ ಹಾಗಾಗುತ್ತೆ. ಆದರೆ ಮತ್ತೆ ಬನ್ನಿ ಅಂದ ದಿನ ಹೋಗದೆ ಇರೋದೇ ದೊಡ್ಡ ತಪ್ಪು. ಮುಂದಿನದು ಬೆರಾ ಪರೀಕ್ಷೆ, ತಲೆಗೆ ವೈರ್ ಅಂಟಿಸಿ ಸದ್ದು ಮಿದುಳಿಗೆ ಮುಟ್ಟುತ್ತಾ ಅಂತ ನೋಡೋದು. ಐಸಿಯುನಲ್ಲಿದ್ದ ಮಗುವಿಗೆ ಓಎಇ ಪಾಸಾದರೂ ಬೆರಾ ಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ, ಆರರೊಳಗೆ ಚಿಕಿತ್ಸೆ ಶುರು ಅನ್ನೋದು ಜಗತ್ತಿನ ತಜ್ಞರ ಲೆಕ್ಕ. ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ ಬಿಡಬೇಡಿ.

ಎಲ್ಲಿಗೆ ಹೋಗಬೇಕು

ಈ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ದೇಶದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ರಾಜ್ಯದಲ್ಲಿ ಆರಿಸಿಕೊಂಡದ್ದು ನಮ್ಮ ಟಿ. ನರಸೀಪುರವನ್ನ. ಮಾತು ಮತ್ತು ಕಿವಿಗೇ ಮೀಸಲಾದ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ಶುರುವಾದದ್ದು 1965ರಲ್ಲಿ. ಜನ ಆಯಿಷ್ ಅಂತಾರೆ, ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಅಂದ್ರೆ ಸಾಕು. ಬೇರೆ ರಾಜ್ಯದವರು ರೈಲು ಹತ್ತಿ ಬಂದು ತಿಂಗಳುಗಟ್ಟಲೆ ರೂಂ ಮಾಡಿಕೊಂಡು ಮಕ್ಕಳಿಗೆ ತರಬೇತಿ ಕೊಡಿಸ್ತಾರೆ. ಮೂವತ್ತು ಕಿಲೋಮೀಟರ್ ದೂರದವರು ಮಗುವಿಗೆ ನಾಲ್ಕು ವರ್ಷ ಆದ ಮೇಲೆ ಹೋಗ್ತಾರೆ ಅನ್ನೋದೇ ಬೇಜಾರು. ಕಿವಿ, ಮಾತು ಮಾತ್ರ ಅಲ್ಲ, ನುಂಗೋ ತೊಂದರೆಯನ್ನೂ ಅಲ್ಲಿ ನೋಡ್ತಾರೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಸಂಸ್ಥೆಯ ಹೊರಗಿನ ಸೇವಾ ಕೇಂದ್ರಗಳಿವೆ.

ನೇರ ಮೈಸೂರಿಗೆ ಹೋಗೋಕೆ ಆಗದವರಿಗೆ ಅಂಗನವಾಡಿಯೇ ಬಾಗಿಲು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಜನ ಆರ್‌ಬಿಎಸ್‌ಕೆ ಅನ್ನೋದು, ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಸೀಳುತುಟಿ, ಶ್ರವಣದೋಷ, ಮಾತು ತಡ ಎಲ್ಲ ಅವರ ಪಟ್ಟಿಯಲ್ಲಿದೆ. ಅವರು ಚೀಟಿ ಬರೆದರೆ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರದಲ್ಲಿ ಪರೀಕ್ಷೆ, ಆಪರೇಷನ್ ಬೇಕಾದರೆ ಉಚಿತ. ತಂಡ ಬರೋ ದಿನ ಅಂಗನವಾಡಿ ಟೀಚರಿಗೆ ಗೊತ್ತಿರುತ್ತೆ, ಮೊದಲೇ ಕೇಳಿಟ್ಟುಕೊಂಡು ಆ ದಿನ ಮಗುವನ್ನ ಮದುವೆ ಮನೆಗೆ ಕರ್ಕೊಂಡು ಹೋಗದಿರಿ. ಎರಡೂ ಕಿವಿ ಪೂರ್ತಿ ಕೇಳಿಸದ ಐದು ವರ್ಷದೊಳಗಿನ ಮಕ್ಕಳಿಗೆ ಲಕ್ಷಾಂತರ ರೂಪಾಯಿಯ ಕಾಕ್ಲಿಯರ್ ಇಂಪ್ಲಾಂಟ್ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಿಗುತ್ತೆ. ಚಿಕ್ಕ ವಯಸ್ಸಿಗೇ ಆದಷ್ಟೂ ಒಳ್ಳೇದು.

ಆಪರೇಷನ್ ಆದ ಮರುದಿನ ಮಗು ಮಾತಾಡಲ್ಲ. ಮಿಷನ್ನೇ ಇರಲಿ, ಇಂಪ್ಲಾಂಟೇ ಇರಲಿ, ಎದ್ದಿರೋ ಅಷ್ಟು ಹೊತ್ತೂ ಹಾಕಿರಬೇಕು, ಆ ದಿನದಿಂದ ಮಗುವಿನ ಕಿವಿಯ ವಯಸ್ಸು ಸೊನ್ನೆಯಿಂದ ಶುರು. ವರ್ಷಗಟ್ಟಲೆ ತರಬೇತಿ ಇರುತ್ತೆ, ಅದರಲ್ಲಿ ಮುಕ್ಕಾಲು ಕೆಲಸ ಮನೆಯವರದೇ. ಬ್ಯಾಟರಿ ಮುಗಿದು ಡ್ರಾಯರ್ ಸೇರಿದ ಮಿಷನ್‌ಗಳು ತಾಲ್ಲೂಕಿನಲ್ಲಿ ಎಷ್ಟಿವೆಯೋ.

ಹೋಗುವಾಗ ಇಟ್ಟುಕೊಳ್ಳಬೇಕಾದ್ದು: ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಮಗುವಿನ ಮತ್ತು ಅಪ್ಪ ಅಮ್ಮನ ಆಧಾರ್, ರೇಷನ್ ಕಾರ್ಡ್. ಮಗು ಮನೆಯಲ್ಲಿ ಆಡುವಾಗ, ಊಟ ಮಾಡುವಾಗ ತೆಗೆದ ಎರಡು ನಿಮಿಷದ ವಿಡಿಯೋ ಮೊಬೈಲಲ್ಲಿರಲಿ, ಹೊಸ ಜಾಗದಲ್ಲಿ ಮಕ್ಕಳು ಬಾಯಿ ಬಿಡಲ್ಲ. ಅದು ತಿನ್ನೋ ಬಟ್ಟಲು, ಚಮಚ, ಸ್ವಲ್ಪ ಊಟವನ್ನೂ ಕಟ್ಟಿಕೊಂಡು ಹೋಗಿ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ, ಬೆರಾ ಪರೀಕ್ಷೆಗೆ ಮಗು ಮಲಗಬೇಕು, ಹಾಗಾಗಿ ಬಸ್ಸಲ್ಲಿ ಮಲಗೋಕೆ ಬಿಡಬೇಡಿ.